ಬುಧವಾರದ ಷಟರು

ನನ್ನ ಅಂಗಡಿ ಮುಚ್ಚಿಹೋದದ್ದು
ನನಗೆ ತಿಳಿದದ್ದು ರಾತ್ರಿ ಎಂಟರ ಸುದ್ದಿಯಲ್ಲಿ.
ಮಸೂರದ ಸಾರಿಗೆ ವಿನೆಗರ್ ಹನಿಸುತ್ತಿದ್ದೆ.
ಲಾರಿಸ್ಸಾದಿಂದ ತಂಗಿ ಪೊಲಿಕ್ಸೇನಿ ಫೋನಿನಲ್ಲಿ ಅಳುತ್ತಿದ್ದಳು:
ನನಗೊಂದು ಮಾತು ಹೇಳಬಾರದಿತ್ತೆ, ಅಕ್ಕಾ?

ನೋಡಿದೆ. ಹೌದು, ನಮ್ಮದೇ ಷಟರು,
ಕೆಳಮೂಲೆಯಲ್ಲಿ ನೀಲಿ ಬಣ್ಣ ಎದ್ದು
ಸೈಪ್ರಸ್ ದ್ವೀಪದ ಹಾಗೆ ಕಾಣುವ ತುಕ್ಕು.
ಅದರ ಮುಂದೆ ಎಡದಿಂದ ಬಲಕ್ಕೆ
ಮೀನಂಗಡಿಯ ಕುಂಟುಬೆಕ್ಕು.
ಮೇಲೊಂದು ಗಂಡುದನಿ, ಸಾವಿನ ಮನೆಯಲ್ಲಿ ತಗ್ಗಿಸುತ್ತಾರಲ್ಲ, ಹಾಗೆ:
ವೋಲೋಸಿನ ಬೀದಿಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿವೆ.

ಅಯ್ಯಾ, ಅದು ಬುಧವಾರ!
ಬುಧವಾರ ಮಧ್ಯಾಹ್ನ ಎರಡಕ್ಕೆ ಬಾಗಿಲೆಳೆದರೆ
ಮತ್ತೆ ತೆಗೆಯುವುದು ಗುರುವಾರ ಬೆಳಿಗ್ಗೆ.
ನಮ್ಮತ್ತೆಯ ಕಾಲದಿಂದ, ಅವರತ್ತೆಯ ಕಾಲದಿಂದ ಹಾಗೇ.
ಕ್ಯಾಮೆರಾದವರು ಬಂದದ್ದು ಮೂರಕ್ಕೆ.
ಹಿಂದಿನ ಕೋಣೆಯಲ್ಲಿ ಮಲಗಿದ್ದೆ,
ತಟ್ಟಿದ್ದರೆ ಬೈದುಕೊಂಡಾದರೂ ಎದ್ದು ಬರುತ್ತಿದ್ದೆ.

ಕಾಲ ಕೆಟ್ಟಿದೆ, ಇಲ್ಲವೆನ್ನುವುದಿಲ್ಲ.
ಎದುರಿನ ಟೋಪಿಯಂಗಡಿ ಹೋಯಿತು.
ಮೂಲೆಯ ಪ್ರವಾಸದ ಏಜೆನ್ಸಿ ಹೋಯಿತು,
ಅದರ ಗಾಜಿನೊಳಗೆ ಸಾಂತೊರಿನಿಯ ಚಿತ್ರ
ಬಿಸಿಲಿಗೆ ಇನ್ನೂ ಬೆಳ್ಳಗಾಗುತ್ತಿದೆ.
ಆದರೆ ನನ್ನದು ಗುಂಡಿಯಂಗಡಿ.
ಹೊಸ ಕೋಟು ಕೊಳ್ಳಲಾಗದವರಿಗೆ
ಹಳೆ ಕೋಟಿನ ಗುಂಡಿ ನೆನಪಾಗುತ್ತದೆ.
ಪಿಂಚಣಿ ಕತ್ತರಿಸಿದ ವರ್ಷ ಮಾರಿದಷ್ಟು ಝಿಪ್ಪು
ಒಲಿಂಪಿಕ್ಸ್ ನಡೆದ ವರ್ಷವೂ ಮಾರಿರಲಿಲ್ಲ.
ಹೇಳಿಕೊಳ್ಳಲು ನಾಚಿಕೆ:
ಊರಿನ ಕಷ್ಟದ ಕಾವಿಗೆ ನನ್ನ ರೊಟ್ಟಿ
ಉಬ್ಬುತ್ತಿತ್ತು, ಸ್ವಲ್ಪ.

ಗುರುವಾರ ಷಟರು ಎತ್ತಿದಾಗ
ಮೊದಲು ಬಂದದ್ದು ಗಿರಾಕಿಯಲ್ಲ, ಪಾದ್ರಿ.
ಆಮೇಲೆ ಬಂದವಳು ಕೇಳಿದಳು:
ಮುಚ್ಚುತ್ತೀರಂತೆ, ಎಷ್ಟು ಇಳಿಸುತ್ತೀರಿ?
ಮುಚ್ಚುತ್ತಿಲ್ಲ ಎಂದೆ.
ಸರಿ ಸರಿ, ಎಂದು ನನ್ನ ಕೈ ಸವರಿ
ಹನ್ನೆರಡು ಮುತ್ತುಬಣ್ಣದ ಗುಂಡಿ ಅರ್ಧ ಬೆಲೆಗೆ ಒಯ್ದಳು.

ಸೋಮವಾರ ಅಥೆನ್ಸಿನ ಸಗಟು ವ್ಯಾಪಾರಿ, ಕರಾವೇಲಾಸ್:
ಇಪ್ಪತ್ತಾರು ವರ್ಷದ ನಂಬಿಕೆ ಇವಾಂಥಿಯಾ, ನಿಜ,
ಆದರೆ ಇನ್ನು ಮೇಲೆ ಮೊದಲು ಕಾಸು, ಆಮೇಲೆ ನೂಲು.
ಟೀವಿ ನೋಡಿದೆಯಾ? ಎಂದೆ.
ಎಲ್ಲರೂ ನೋಡಿದ್ದಾರೆ, ಎಂದ.

ಚಾನೆಲ್ಲಿಗೆ ಫೋನು ಮಾಡಿದೆ.
ಕಾಯಿಸಿದರು, ಪಿಟೀಲು ಕೇಳಿಸಿದರು.
ಕೊನೆಗೊಬ್ಬ ಹುಡುಗಿ, ಪಾಪ, ಒಳ್ಳೆಯವಳೇ:
ನಿಮ್ಮ ಹೆಸರು ಹೇಳಿಲ್ಲವಲ್ಲಮ್ಮಾ,
ಅದು ಬರೀ ಚಿತ್ರ.
ಅವಳಿಗೂ ಮೂರು ತಿಂಗಳಿಂದ ಸಂಬಳವಿಲ್ಲವಂತೆ.
ಏನನ್ನಲಿ?

ಬರೀ ಚಿತ್ರ.
ತೆರಿಗೆ ಏರಿದರೆ ಅದೇ ಷಟರು,
ಬ್ಯಾಂಕು ಮುಗ್ಗರಿಸಿದರೆ ಅದೇ,
ಒಮ್ಮೆ ಪೋರ್ಚುಗಲ್ಲಿನ ಸುದ್ದಿಗೂ ನಮ್ಮ ಷಟರೇ.
ಬೇಸಿಗೆಯಲ್ಲಿ ಹಳದಿ ಬಳಿಸಿದೆ.
ಸುದ್ದಿಯಲ್ಲಿ ಇನ್ನೂ ನೀಲಿ.
ಬೆಕ್ಕು ಸತ್ತು ಎರಡು ವರ್ಷವಾಯಿತು,
ಎಂಟು ಗಂಟೆಗೆ ಸರಿಯಾಗಿ
ಎಡದಿಂದ ಬಲಕ್ಕೆ ಕುಂಟುತ್ತದೆ.
ಮೀನಂಗಡಿಯ ಥ್ರಾಸೋಸ್ ಅದನ್ನು ನೋಡಲೆಂದೇ
ಟೀವಿ ಹಾಕುತ್ತಾನೆ, ಉಳಿದದ್ದು ಅವನಿಗೆ ಬೇಕಿಲ್ಲ.

ಮುನ್ನೂರ ಹನ್ನೆರಡು ಡ್ರಾಯರು ನನ್ನ ಗೋಡೆಯಲ್ಲಿ.
ಒಂದೊಂದರ ಮೂತಿಗೂ ಒಳಗಿರುವ ಗುಂಡಿಯ
ಒಂದು ಮಾದರಿ, ದಾರದಲ್ಲಿ ಕಟ್ಟಿದ್ದು.
ಈಗ ಎಷ್ಟರಲ್ಲೋ ಮೂತಿಯದೊಂದೇ ಗುಂಡಿ,
ಒಳಗೆ ಕೈಯಿಟ್ಟರೆ ಮರ.

ಮೊನ್ನೆ ಒಬ್ಬ ಮುದುಕ ಬಂದ,
ಕೋಟಿನ ಎರಡನೇ ಗುಂಡಿ ಬಿದ್ದುಹೋಗಿದೆ.
ಕಪ್ಪು, ನಾಲ್ಕು ತೂತಿನದು, ಅಂಚಿಗೊಂದು ಗೆರೆ.
ಡ್ರಾಯರು ಎಳೆಯಲೇ ಇಲ್ಲ.
ಅದರ ಮೂತಿಯದನ್ನೇ ಕತ್ತರಿಸಿ ಕೊಟ್ಟೆ.
ಬೆಳಕಿಗೆ ಹಿಡಿದು ನೋಡಿದ, ಒಪ್ಪಿದ.
ಈ ಅಂಗಡಿ ಮುಚ್ಚಿದೆ ಅಂದುಕೊಂಡಿದ್ದೆ, ಎಂದ.
ಮುಚ್ಚಿದೆ, ಎಂದೆ.
ತಲೆಯಾಡಿಸಿ, ನಲವತ್ತು ಸೆಂಟು ಎಣಿಸಿಟ್ಟು ಹೋದ.

ಅಂದೂ ಬುಧವಾರ. ಎರಡಾಗುತ್ತಿತ್ತು.
ಷಟರು ಎಳೆಯುವ ಕೊಕ್ಕೆಕೋಲು ಹಿಡಿದು
ಬೀದಿಯ ಆ ತುದಿ ನೋಡಿದೆ, ಈ ತುದಿ ನೋಡಿದೆ,
ಹಾಗೇ ನಿಂತೆ.